ಗೋಡೆ ಸೋರುತ್ತಿದೆಯೋ, ಬೆವರುತ್ತಿದೆಯೋ? ಕರಾವಳಿಯ ಅಂಗಡಿ, ಕಚೇರಿಗಳಲ್ಲಿ ನೀರಿನ ಮೂಲ ಹುಡುಕುವ ಬಗೆ

ಜುಲೈ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಕೇಳುವುದು ಎಲ್ಲರೂ ಒಂದೇ: "ಗೋಡೆ ಪಸೆ ಬಂದಿದೆ ಮಾರಾಯ್ರೆ, ಯಾವ ಕೆಮಿಕಲ್ ಹೊಡೀಬೇಕು?" ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಕಟ್ಟಡ ರಿಪೇರಿ ನನ್ನ ಕೆಲಸ. ಕೆಮಿಕಲ್ ಹೆಸರು ಹೇಳಲು ಅರ್ಧ ನಿಮಿಷ ಸಾಕು. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಲು ಕೆಲವೊಮ್ಮೆ ಹದಿನೈದು ದಿನ ಬೇಕು. ಆ ಹದಿನೈದು ದಿನ ಕಾಯಲು ಯಾರಿಗೂ ಇಷ್ಟವಿಲ್ಲ, ಅದಕ್ಕೇ ಒಂದೇ ಗೋಡೆಗೆ ನಾಲ್ಕು ಸಲ ಪೇಂಟ್ ಆಗುತ್ತದೆ.

ಒಂದು ಕೆಲಸದ ಕತೆಯಿಂದ ಶುರು ಮಾಡುತ್ತೇನೆ. ಅದರಲ್ಲಿ ನಾನೂ ಮೊದಲು ದಾರಿ ತಪ್ಪಿದ್ದೆ.

ಮೂರು ಅಂತಸ್ತಿನ ಕಾಂಪ್ಲೆಕ್ಸ್. ಕೆಳಗೆ ಬೇಕರಿ, ಮೆಡಿಕಲ್. ಮಧ್ಯದಲ್ಲಿ ಒಂದು ಕಚೇರಿ. ಮೇಲೆ ಟ್ಯೂಷನ್ ಕ್ಲಾಸು. ಕಚೇರಿಯ ಪಕ್ಕದ ಮೆಟ್ಟಿಲಿನ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ. ಅಂಗೈ ಇಟ್ಟರೆ ನೀರು ಅಂಟುತ್ತಿತ್ತು. ಎದೆಯ ಎತ್ತರದಲ್ಲಿ ಕಪ್ಪು ಬೂಸಲು, ಅದರ ಕೆಳಗೆ ಪೇಂಟ್ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಮಾಲೀಕರು ಮೊದಲ ವರ್ಷ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದರು. ಎರಡನೇ ವರ್ಷ ಮೇಲಿನ ಟಾಯ್ಲೆಟ್ ಒಡೆಸಿ ಪೈಪ್ ಬದಲಿಸಿದರು. ಮೂರನೇ ವರ್ಷ ನನ್ನನ್ನು ಕರೆದರು. ನಾನೂ ನೋಡಿದ ಕೂಡಲೇ "ಟಾಯ್ಲೆಟ್ ಸ್ಲ್ಯಾಬ್‌ನಲ್ಲಿ ಇನ್ನೂ ನೀರು ನಿಂತಿರಬೇಕು" ಅಂದುಬಿಟ್ಟೆ. ಸುಮ್ನೆ ಅಂದದ್ದು. ಪರೀಕ್ಷೆ ಮಾಡಿರಲಿಲ್ಲ.

ಆಮೇಲೆ ಪೆನ್ಸಿಲ್ ತೆಗೆದು ಕಲೆಯ ಅಂಚಿಗೆ ಗೆರೆ ಎಳೆದೆ. ಪಕ್ಕದಲ್ಲಿ ತಾರೀಕು ಬರೆದೆ. ಮೆಡಿಕಲ್‌ನ ಹುಡುಗನಿಗೆ ಹೇಳಿದೆ: "ದಿನಾ ಬೆಳಗ್ಗೆ ಒಂದು ಗೆರೆ ಎಳೆದು ತಾರೀಕು ಹಾಕಪ್ಪ, ಮಳೆ ಬಂದಿದ್ರೆ ಒಂದು ಚುಕ್ಕಿ ಇಡು." ಎಂಟು ದಿನ ಬಿಟ್ಟು ಹೋದೆ. ಮಧ್ಯೆ ಮೂರು ದಿನ ಮಳೆ ಬಿಟ್ಟಿತ್ತು, ಬಿಸಿಲೂ ಬಿದ್ದಿತ್ತು. ಆ ಮೂರು ದಿನವೂ ಗೆರೆ ಹೊರಗೇ ಹೋಗಿತ್ತು. ಅಂದರೆ ಮಳೆಗೂ ಈ ಕಲೆಗೂ ನೇರ ಸಂಬಂಧವಿಲ್ಲ. ಹಾಗಾದರೆ ಪೈಪೇ? ಟ್ಯೂಷನ್ ಕ್ಲಾಸಿಗೆ ರಜೆ ಇದ್ದ ಎರಡು ದಿನ ಮೇಲಿನ ವಾಲ್ವ್ ಬಂದ್ ಮಾಡಿಸಿದ್ದೆ. ಆಗಲೂ ಗೋಡೆ ಒದ್ದೆಯೇ.

ಕೊನೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತರಿಸಿದೆ. ಗೋಡೆಯ ಒಂದು ಅಡಿ ಜಾಗ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಿಡಿದು ಒಣಗಿಸಿ, ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿದೆ. ಮರುದಿನ ಬೆಳಗ್ಗೆ ಫಾಯಿಲ್‌ನ ಮುಂಬದಿಯಲ್ಲಿ ನೀರಿನ ಹನಿಗಳು ಸಾಲಾಗಿ ನಿಂತಿದ್ದವು. ಟೇಪ್ ಬಿಡಿಸಿ ನೋಡಿದರೆ ಹಿಂಬದಿ ಒಣಗಿತ್ತು. ನೀರು ಗೋಡೆಯೊಳಗಿಂದ ಬರುತ್ತಿರಲಿಲ್ಲ. ಮೆಟ್ಟಿಲಿನ ಗಾಳಿಯಿಂದ ಗೋಡೆಯ ಮೇಲೆ ಇಳಿಯುತ್ತಿತ್ತು. ಗೋಡೆ ಸೋರುತ್ತಿರಲಿಲ್ಲ, ಬೆವರುತ್ತಿತ್ತು.

ಕಾರಣ ಗೋಡೆಯ ಆಚೆ ಇತ್ತು. ಕಚೇರಿಯವರು ಅಲ್ಲೊಂದು ಚಿಕ್ಕ ಸರ್ವರ್ ಕೋಣೆ ಮಾಡಿದ್ದರು. ಎಸಿ 18ಕ್ಕೆ ಇಟ್ಟು ಹಗಲೂ ರಾತ್ರಿ ಓಡಿಸುತ್ತಿದ್ದರು, ಗಾಳಿ ನೇರ ಆ ಗೋಡೆಗೇ ಹೊಡೆಯುತ್ತಿತ್ತು. ಮಳೆಗಾಲದಲ್ಲಿ ನಮ್ಮ ಹೊರಗಿನ ಗಾಳಿ ಸುಮಾರು 28 ಡಿಗ್ರಿ, ತೇವಾಂಶ ಶೇ. 90. ಅಂಥ ಗಾಳಿ 26 ಡಿಗ್ರಿಯಷ್ಟು ತಣ್ಣಗಿರುವ ಯಾವುದನ್ನು ಮುಟ್ಟಿದರೂ ಅಲ್ಲಿ ನೀರು ಬಿಡುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಮೆಟ್ಟಿಲ ಕಡೆಯ ಗೋಡೆ 25 ತೋರಿಸಿತು. ಅಷ್ಟೇ ಕತೆ. ತಣ್ಣನೆಯ ಸೋಡಾ ಬಾಟಲಿಯ ಹೊರಮೈ ಒದ್ದೆಯಾಗುವುದೂ ಹೀಗೆಯೇ. ಬಾಟಲಿ ಸೋರುತ್ತಿದೆ ಅಂತ ಯಾರೂ ಹೇಳುವುದಿಲ್ಲ, ಗೋಡೆಗೆ ಮಾತ್ರ ಹೇಳುತ್ತೇವೆ.

ಎಸಿಯನ್ನು 25ಕ್ಕೆ ತಂದು, ಗಾಳಿಯ ದಿಕ್ಕು ತಿರುಗಿಸಿ, ಮೆಟ್ಟಿಲ ಕಡೆಯಿಂದ ಗೋಡೆಗೆ ನೀರು ಹೀರದ ಫೋಮ್ ಶೀಟ್ ಅಂಟಿಸಿ ಸಂದುಗಳಿಗೆ ಸೀಲಂಟ್ ಹಾಕಿದೆವು. ಶೀಟನ್ನು ಬಿಸಿ ಗಾಳಿ ಇರುವ ಕಡೆಗೇ ಹಾಕಬೇಕು. ಎಸಿ ಕಡೆ ಹಾಕಿದರೆ ತೇವ ಗೋಡೆ ದಾಟಿ ಬಂದು ಶೀಟಿನ ಹಿಂದೆ ಕೂರುವ ಅಪಾಯ ಉಂಟು. ಚಳಿದೇಶದ ವಿಡಿಯೊ ನೋಡಿ ಒಳಗಡೆಯೇ ಹಾಕುವವರು ಇಲ್ಲಿ ಎಡವುತ್ತಾರೆ. ಅಲ್ಲಿ ಬಿಸಿ ಒಳಗೆ, ಇಲ್ಲಿ ಬಿಸಿ ಹೊರಗೆ.

ಮೊದಲು ಯಾವಾಗ ಅಂತ ಕೇಳಿ

ಕಲೆ ಎಲ್ಲಿದೆ ಎನ್ನುವುದು ಕಣ್ಣಿಗೆ ಕಾಣುತ್ತದೆ, ಆದರೆ ಅದು ಅಷ್ಟೇನೂ ಹೇಳುವುದಿಲ್ಲ. ನೀರು ಸ್ಲ್ಯಾಬ್‌ನ ಒಳಗೆ ಕಬ್ಬಿಣದ ಗುಂಟ, ವೈರಿಂಗ್ ಪೈಪ್‌ನ ಗುಂಟ ಹತ್ತು ಅಡಿ ನಡೆದು ಬಂದು ಹನಿಯಬಲ್ಲದು. ಫ್ಯಾನ್ ಹುಕ್‌ನಲ್ಲಿ ನೀರು ಬಂತೆಂದು ಅದರ ನೇರ ಮೇಲಿನ ಟೈಲ್ ಒಡೆದರೆ ಅಲ್ಲಿ ಏನೂ ಸಿಗುವುದಿಲ್ಲ. ಕಲೆ ಯಾವಾಗ ಬೆಳೆಯುತ್ತದೆ ಎನ್ನುವುದೇ ನಿಜವಾದ ಸುಳಿವು.

ಮಳೆ ಶುರುವಾಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಹನಿ ಬಿದ್ದರೆ ದಾರಿ ಹತ್ತಿರದಲ್ಲೇ ಇದೆ: ಬಿರುಕು, ಕಿಟಕಿಯ ಅಂಚು, ಪೈಪ್ ಹೊರಟ ತೂತು. ಮಳೆ ಬಂದು ಒಂದೆರಡು ದಿನದ ಮೇಲೆ ಶುರುವಾಗಿ, ಮಳೆ ನಿಂತ ಮೇಲೂ ವಾರ ಹನಿಯುತ್ತಿದ್ದರೆ ಎಲ್ಲೋ ನೀರು ಶೇಖರವಾಗಿದೆ. ತಾರಸಿಯ ಬ್ರಿಕ್‌ಬ್ಯಾಟ್ ಕೋಬಾದೊಳಗೆ, ಅಂದರೆ ಇಟ್ಟಿಗೆ ಚೂರು ಮತ್ತು ಗಾರೆಯ ಪದರದೊಳಗೆ ಇರಬಹುದು, ಟಾಯ್ಲೆಟ್‌ನ ತಗ್ಗಿಸಿದ ಸ್ಲ್ಯಾಬ್‌ನಲ್ಲಿ ಇರಬಹುದು. ಗಾಳಿ ಇದ್ದ ಮಳೆಗೆ ಮಾತ್ರ ಒದ್ದೆಯಾದರೆ ತಾರಸಿಯನ್ನು ಬಿಟ್ಟು ಪಡುವಣ ಗೋಡೆ ನೋಡಿ. ಮಳೆ ಇರಲಿ ಬಿಡಲಿ ಒಂದೇ ಸಮ ಇದ್ದರೆ ಪೈಪ್. ಎಸಿ ಓಡಿದ ದಿನ ಜಾಸ್ತಿ, ಭಾನುವಾರ ಕಮ್ಮಿ ಆದರೆ ಮೇಲೆ ಹೇಳಿದ ಬೆವರು. ಇಲ್ಲವೇ ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡಿದೆ.

ಫಾಯಿಲ್ ಪರೀಕ್ಷೆಗೆ ಇಪ್ಪತ್ತು ರೂಪಾಯಿ ಖರ್ಚಾಗದು. ಮುಂಬದಿ ಒದ್ದೆಯಾದರೆ ಬೆವರು, ಹಿಂಬದಿ ಒದ್ದೆಯಾದರೆ ಗೋಡೆಯೊಳಗಿನ ನೀರು. ಎರಡೂ ಒದ್ದೆಯಾದರೆ ಎರಡೂ ಇದೆ. ಕರಾವಳಿಯಲ್ಲಿ ಈ ಮೂರನೆಯದು ಅಪರೂಪವಲ್ಲ. ನೆನೆದ ಗೋಡೆ ತಣ್ಣಗಿರುತ್ತದೆ, ತಣ್ಣಗಿನ ಗೋಡೆ ಮತ್ತಷ್ಟು ಬೆವರುತ್ತದೆ.

ತೇವ ಅಳೆಯುವ ಮೀಟರ್ ಬಗ್ಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಸಿಗುವ ಎರಡು ಸೂಜಿಯ ಮೀಟರ್ ಮರ ಅಳೆಯಲು ಮಾಡಿದ್ದು. ಅದು ವಿದ್ಯುತ್ ಎಷ್ಟು ಹರಿಯುತ್ತದೆಂದು ನೋಡಿ ಅಂಕಿ ಕೊಡುತ್ತದೆ. ನಮ್ಮ ಗೋಡೆಯಲ್ಲಿ ಉಪ್ಪು ಜಾಸ್ತಿ. ಉಪ್ಪಿದ್ದರೆ ತುಸು ತೇವವಿದ್ದರೂ ಸಾಕು, ಮೀಟರ್ ಕೆಂಪು ತೋರಿಸುತ್ತದೆ. ಅದರ ಅಂಕಿಯನ್ನು ನಂಬಬೇಡಿ, ಹೋಲಿಕೆಗೆ ಮಾತ್ರ ಬಳಸಿ. ಒಂದೇ ಗೋಡೆಯ ಮೇಲೆ ಒಂದಡಿಗೊಂದು ಚೌಕ ಹಾಕಿ, ಪ್ರತಿ ಚೌಕದ ಅಂಕಿ ಬರೆಯಿರಿ. ಎಲ್ಲಿ ಜಾಸ್ತಿ, ಎತ್ತ ಕಡೆ ಇಳಿಯುತ್ತಿದೆ ಎಂದು ನಕ್ಷೆಯ ಹಾಗೆ ಕಾಣುತ್ತದೆ.

ತಾರಸಿ

ದಕ್ಷಿಣ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. 400 ಚದರ ಮೀಟರ್ ತಾರಸಿಯ ಮೇಲೆ ಒಂದು ದಿನ 100 ಮಿ.ಮೀ. ಸುರಿದರೆ 40,000 ಲೀಟರ್. ಇಷ್ಟು ನೀರು ನಾಲ್ಕು ಪೈಪ್‌ಗಳಲ್ಲಿ ಇಳಿಯಬೇಕು. ಒಂದು ಪೈಪ್‌ನ ಬಾಯಿಗೆ ತೆಂಗಿನ ಗರಿಯ ತುಂಡು ಸಿಕ್ಕಿಕೊಂಡರೂ ತಾರಸಿ ಕೆರೆಯಾಗುತ್ತದೆ. ನಾನು ತಾರಸಿಗೆ ಹತ್ತಿದ ಕೂಡಲೇ ಮಾಡುವ ಮೊದಲ ಕೆಲಸ ಆ ಬಾಯಿಗಳಿಗೆ ಕೈ ಹಾಕುವುದು. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿದಿದೆ.

ಮುಗಿಯದಿದ್ದರೆ ನೀರು ನಿಲ್ಲಿಸುವ ಪರೀಕ್ಷೆ. ಇದನ್ನು ಮಳೆ ಇಲ್ಲದಾಗ ಮಾಡಬೇಕು, ಇಲ್ಲದಿದ್ದರೆ ಯಾವ ನೀರು ಯಾವುದೆಂದು ಗೊತ್ತಾಗದು. ತಾರಸಿಯನ್ನು ಸಿಮೆಂಟ್ ದಂಡೆ ಕಟ್ಟಿ ನಾಲ್ಕು ಭಾಗ ಮಾಡಿ. ಒಂದೊಂದೇ ಭಾಗದಲ್ಲಿ ಒಂದೂವರೆ, ಎರಡು ಇಂಚು ನೀರು ಕಟ್ಟಿ 48 ಗಂಟೆ ಬಿಡಿ. ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿದರೆ ಕೆಳಗೆ ಬಂದದ್ದು ಇದೇ ನೀರೆಂದು ತಿಳಿಯಬಹುದು. ಆದರೆ ಬಣ್ಣ ಸಿಮೆಂಟಿನಲ್ಲಿ ಸೋಸಿಹೋಗುವುದೂ ಉಂಟು, ಹಾಗಾಗಿ ನೀಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ತಾರಸಿಯನ್ನು ಬಿಟ್ಟುಬಿಡಬೇಡಿ. ಎರಡು ಇಂಚು ನೀರು ಅಂದರೆ ಚದರ ಮೀಟರಿಗೆ 50 ಕೆ.ಜಿ. ಭಾರ. ಕೆಳಗೆ ಸ್ಲ್ಯಾಬ್‌ನ ಕಬ್ಬಿಣ ಹೊರಗೆ ಕಾಣುತ್ತಿದ್ದರೆ ಈ ಪರೀಕ್ಷೆ ಬೇಡವೇ ಬೇಡ.

ಈಚೆಗೆ ಎಲ್ಲರೂ ಸೋರುವ ತಾರಸಿಯ ಮೇಲೆ ಕಬ್ಬಿಣದ ಟ್ರಸ್ ಮಾಡಿ ಶೀಟ್ ಹೊದೆಸುತ್ತಾರೆ. ತಪ್ಪಲ್ಲ. ನಮ್ಮ ಹಿರಿಯರೂ ಇಳಿಜಾರು ಮಾಡಿ ಹಂಚು ಹೊದೆಸಿದ್ದು ಸುಮ್ಮನೆ ಅಲ್ಲ. ಬಾಸೆಲ್ ಮಿಷನ್ ಮಂಗಳೂರಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಹಂಚು ಊರೂರಿಗೂ ಹೋಯಿತು. ನಾವು ನಡುವೆ ಚಪ್ಪಟೆ ತಾರಸಿಗೆ ಮರುಳಾಗಿ, ಈಗ ಅದರ ಮೇಲೆ ಮತ್ತೆ ಇಳಿಜಾರು ಮಾಡು (ಚಾವಣಿ) ಕೂರಿಸುತ್ತಿದ್ದೇವೆ. ಶೀಟ್ ಹಾಕಿದ ಮೇಲೂ ನೀರು ಬಂದರೆ ಎರಡು ಜಾಗ ನೋಡಿ. ಸ್ಕ್ರೂ ಅಡಿಯ ರಬ್ಬರ್ ವಾಷರ್ ಬಿಸಿಲಿಗೆ ಸೀಳಿರುತ್ತದೆ. ಶೀಟ್ ಬದಿಯಿಂದ ಗಾಳಿ ಮಳೆ ಒಳಗೆ ನುಗ್ಗಿ ತಾರಸಿಯಲ್ಲೇ ನಿಂತಿರುತ್ತದೆ, ಯಾಕೆಂದರೆ ಶೀಟ್ ಹಾಕಿದ ಮೇಲೆ ಹಳೆಯ ಪೈಪ್ ಬಾಯಿಗಳನ್ನು ಯಾರೂ ತೆರೆದು ನೋಡಿರುವುದಿಲ್ಲ. ಬೆಳಗಿನ ಜಾವ ಮಾತ್ರ ಹನಿದು ಹತ್ತು ಗಂಟೆಗೆ ನಿಲ್ಲುತ್ತಿದ್ದರೆ ಅದು ಶೀಟ್‌ನ ಒಳಮೈಯ ಬೆವರು.

ಪಡುವಣ ಗೋಡೆ, ಬೋರ್ಡು ಮತ್ತು ತೂತುಗಳು

ಮುಂಗಾರು ನೈಋತ್ಯದಿಂದ ಬರುತ್ತದೆ. ಮಳೆ ಮೇಲಿಂದ ಕೆಳಗೆ ಬೀಳುವುದಕ್ಕಿಂತ ಅಡ್ಡಡ್ಡ ಹೊಡೆಯುವುದೇ ಜಾಸ್ತಿ. ಹಿಂದೆ ಮಳೆಗಾಲಕ್ಕೆ ಮೊದಲು ಪಡುವಣ ಗೋಡೆಗೆ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟುತ್ತಿದ್ದರು. ಈಗ ಅದೇ ಗೋಡೆಗೆ ಅಂಗಡಿಯ ದೊಡ್ಡ ಬೋರ್ಡ್ ಬಡಿಯುತ್ತೇವೆ.

ಈ ಬೋರ್ಡ್‌ಗಳೇ ಅಂಗಡಿ ಕಟ್ಟಡಗಳ ದೊಡ್ಡ ಕಳ್ಳರು. ಒಂದು ಬೋರ್ಡ್‌ಗೆ ಹನ್ನೆರಡು ಆಂಕರ್ ಬೋಲ್ಟ್. ಬಾಡಿಗೆದಾರ ಬದಲಾದಾಗ ಹಳೆಯ ಬೋರ್ಡ್ ತೆಗೆದು, ಹೊಸದಕ್ಕೆ ಬೇರೆ ಹನ್ನೆರಡು ತೂತು. ಹಳೆಯ ತೂತಿಗೆ ಪುಟ್ಟಿ ಬಳಿದು ಹೋಗಿರುತ್ತಾರೆ. ಹೊಸ ಬೋರ್ಡ್ ಮುಂದೆ ಇರುವುದರಿಂದ ಹಿಂದಿನದು ಯಾರಿಗೂ ಕಾಣುವುದಿಲ್ಲ. ಒಂದು ಜವಳಿ ಅಂಗಡಿಯ ಗೋಡೆಯಲ್ಲಿ ಬೋರ್ಡ್ ಬಿಚ್ಚಿಸಿ ಎಣಿಸಿದೆ. ಮೂವತ್ತೊಂದು ತೂತು. ಒಂದಕ್ಕೆ ಕಡ್ಡಿ ತೂರಿಸಿದೆ, ಅರ್ಧ ಅಡಿ ಸಲೀಸಾಗಿ ಒಳಗೆ ಹೋಯಿತು.

ಎಸಿಯ ತಾಮ್ರದ ಪೈಪ್ ಹೋಗುವ ತೂತು ಇನ್ನೊಂದು. ಅದನ್ನು ಒಳಗಿನಿಂದ ಕೊರೆಯುತ್ತಾರೆ. ಹುಡುಗ ಏಣಿಯ ಮೇಲೆ ನಿಂತು ಮಷಿನ್ ಕೆಳಮುಖವಾಗಿ ಹಿಡಿದರೆ ತೂತು ಹೊರಗೆ ಇಳಿಜಾರಾಗುತ್ತದೆ, ಅದು ಸರಿ. ಮೇಲ್ಮುಖವಾಗಿ ಹಿಡಿದರೆ ಹೊರಗಿನ ನೀರು ಒಳಗೆ ಇಳಿಯುತ್ತದೆ. ಗೊತ್ತಾಗುವುದು ಹೇಗೆ? ಹೊರಗಿನ ಬಾಯಿಗೆ ಒಂದು ಲೋಟ ನೀರು ಹೊಯ್ಯಿರಿ. ಒಳಗೆ ಬಂದರೆ ಸಾಕ್ಷಿ ಸಿಕ್ಕಿತು.

ಗೋಡೆ ಪರೀಕ್ಷಿಸಲು ಹೋಸ್ ಪೈಪ್ ಸಾಕು. ಒಂದೇ ನಿಯಮ: ಕೆಳಗಿಂದ ಮೇಲೆ ಹೋಗಿ. ಮೊದಲು ಕಿಟಕಿಯ ಕೆಳಗೆ ಹದಿನೈದು ನಿಮಿಷ, ಆಮೇಲೆ ಕಿಟಕಿಯ ಬದಿ, ಆಮೇಲೆ ಸನ್‌ಶೇಡ್, ಕೊನೆಗೆ ಪ್ಯಾರಾಪೆಟ್. ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ತೂತುಗಳ ಮೇಲೂ ಹರಿದು ಯಾವುದು ಕಳ್ಳ ಅಂತ ಹೇಳಲು ಆಗುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಸನ್‌ಶೇಡ್ ಅಡಿಯ ಅಂಚಿನಲ್ಲಿ ನೀರು ಕತ್ತರಿಸುವ ಗೀರು ಇದೆಯೇ ನೋಡಿ. ಇಲ್ಲದಿದ್ದರೆ ನೀರು ಅಡಿಮೈ ಹಿಡಿದು ನೇರ ಗೋಡೆಗೆ ಬರುತ್ತದೆ. ಪಿಲ್ಲರ್ ಮತ್ತು ಕಲ್ಲಿನ ಗೋಡೆ ಸೇರುವ ಕಡೆ ನೆಟ್ಟಗೆ ಉದ್ದ ಬಿರುಕು ಇದ್ದರೆ ಅಲ್ಲಿ ಸಾರಣೆ (ಪ್ಲಾಸ್ಟರ್) ಮಾಡುವಾಗ ಬಲೆ ಹಾಕಿಲ್ಲ ಎಂದೇ ತಿಳಿಯಿರಿ.

ಪೈಪು

ಇದು ಬೇಗ ಮುಗಿಯುತ್ತದೆ. ಶನಿವಾರ ರಾತ್ರಿ ಎಲ್ಲರೂ ಹೋದ ಮೇಲೆ ನೀರಿನ ಮೀಟರ್ ಅಂಕಿ ಬರೆದಿಡಿ. ಯಾರೂ ನಲ್ಲಿ ತಿರುಗಿಸದೆ ಸೋಮವಾರ ಬೆಳಗ್ಗೆ ಅಂಕಿ ಮುಂದೆ ಹೋಗಿದ್ದರೆ ಒತ್ತಡದ ಪೈಪ್ ಸೋರುತ್ತಿದೆ. ಮೀಟರ್ ಇಲ್ಲದಿದ್ದರೆ ಮೇಲಿನ ಟ್ಯಾಂಕ್‌ನ ಒಳಗೋಡೆಗೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿ. ನೀರು ಇಳಿಯಲಿಲ್ಲ, ಆದರೂ ಕೆಳಗೆ ಒದ್ದೆ ಅಂದರೆ ಕೊಳಕು ನೀರಿನ ಪೈಪ್ ಅಥವಾ ನಹಾನಿ ಟ್ರ್ಯಾಪ್, ಅಂದರೆ ಟಾಯ್ಲೆಟ್ ನೆಲದ ನೀರು ಹೋಗುವ ಬಾಯಿ. ಟ್ರ್ಯಾಪ್‌ನ ಬಾಯಿಗೆ ಬಟ್ಟೆ ತುರುಕಿ ಟಾಯ್ಲೆಟ್ ನೆಲದಲ್ಲಿ ಒಂದು ಇಂಚು ನೀರು ಕಟ್ಟಿ ಒಂದು ದಿನ ನೋಡಿ, ಮರುದಿನ ಬಟ್ಟೆ ತೆಗೆದು ನೀರು ಬಿಟ್ಟು ನೋಡಿ. ಮೊದಲ ದಿನ ಸೋರಿದರೆ ನೆಲ, ಎರಡನೇ ದಿನ ಸೋರಿದರೆ ಪೈಪ್.

ಕೆಳಗಿಂದ ಏರುವ ಪಸೆ

ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಸಾರಣೆ ಉದುರಿ, ಮೇಲಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಎದ್ದಿದ್ದರೆ ನೀರು ಪಂಚಾಂಗದಿಂದ, ಅಂದರೆ ಅಡಿಪಾಯದಿಂದ ಏರುತ್ತಿದೆ. ಕೆಂಪುಕಲ್ಲು, ಅಂದರೆ ಮುರಕಲ್ಲು, ಒಳಗೆ ತೂತು ತೂತು. ಸ್ಪಂಜಿನ ಹಾಗೆ ನೀರು ಹೀರುತ್ತದೆ. ಹಳೆಯ ಅಂಗಡಿ ಸಾಲುಗಳಲ್ಲಿ ನೆಲಮಟ್ಟದಲ್ಲಿ ನೀರು ತಡೆಯುವ ಪದರ ಹಾಕದೆ ನೇರ ಕಲ್ಲು ಕಟ್ಟಿದ್ದೂ ಉಂಟು. ರಸ್ತೆಗೆ ಮೇಲಿಂದ ಮೇಲೆ ಡಾಂಬರು, ಕಾಂಕ್ರೀಟ್ ಬಿದ್ದು ಎತ್ತರವಾಗಿ ಅಂಗಡಿಯ ನೆಲ ಹೊಂಡವಾಗಿರುತ್ತದೆ. ಆಗ ಹಳೆಯ ಪದರ ಇದ್ದರೂ ಅದು ಮಣ್ಣಿನ ಕೆಳಗೆ ಹೋಗಿರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಒಳಗಡೆಯಿಂದ ದಪ್ಪ ವಾಟರ್‌ಪ್ರೂಫ್ ಪೇಂಟ್, ಇಲ್ಲವೇ ಮೂರು ಅಡಿಗೆ ಟೈಲ್. ನೀರು ನಿಲ್ಲುವುದಿಲ್ಲ, ಟೈಲ್‌ನ ಹಿಂದಿನಿಂದ ಇನ್ನೂ ಮೇಲೆ ಹೋಗುತ್ತದೆ. ಮುಂದಿನ ವರ್ಷ ಟೈಲ್‌ನ ಮೇಲೆ ಅರ್ಧ ಅಡಿ ಬಿಟ್ಟು ಹೊಸ ಕಲೆ. ಮೊದಲು ಹೊರಗೆ ಗೋಡೆಯ ಬುಡದ ಮಣ್ಣು ತಗ್ಗಿಸಿ, ಚರಂಡಿ ಬಿಡಿಸಿ. ಒಳಗಿನ ಉಪ್ಪು ತಿಂದ ಸಾರಣೆಯನ್ನು ಕಲೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿ ತೆಗೆಯಿರಿ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ಎತ್ತಿ ಹೊರಗೆ ಹಾಕಿ. ನೀರಲ್ಲಿ ತೊಳೆದರೆ ಅದು ಕರಗಿ ವಾಪಸ್ ಕಲ್ಲಿನೊಳಗೇ ಹೋಗುತ್ತದೆ. ಬೇಸಿಗೆಯಲ್ಲಿ ಗೋಡೆಯನ್ನು ಬೆತ್ತಲೆ ಬಿಡಿ, ಅದು ಉಸಿರಾಡಿ ಒಣಗಲಿ. ಬಾಡಿಗೆದಾರರಿಗೆ ಇದು ಚೂರೂ ಇಷ್ಟವಾಗುವುದಿಲ್ಲ, ಗೊತ್ತು.

ಬೇಸ್‌ಮೆಂಟ್‌ನಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನೀರು ಬುಗ್ಗೆಯ ಹಾಗೆ ಬಂದರೆ ಅದು ಒಸರು. ಸುತ್ತಲಿನ ಗುಡ್ಡದ ನೀರು ನೆಲದೊಳಗೆ ಒತ್ತಿಕೊಂಡು ಬರುತ್ತದೆ. ಒಳಗಿನಿಂದ ಬಳಿಯುವ ಯಾವುದೂ ಆ ಒತ್ತಡ ತಡೆಯುವುದು ಕಷ್ಟ. ಹೊಂಡ ಮಾಡಿ ಪಂಪ್ ಇಟ್ಟು, ನೀರಿಗೆ ದಾರಿ ಮಾಡಿಕೊಡುವುದೇ ಅಗ್ಗ.

ನೆರೆ ನುಗ್ಗಿದ ಅಂಗಡಿ

2018ರ ಮೇ 29ರಂದು ಮಂಗಳೂರಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ತುಂಬಿದ್ದನ್ನು ಇಲ್ಲಿನವರು ಮರೆತಿಲ್ಲ. ಹೀಗಾದಾಗ ದೋಷ ಹುಡುಕುವ ಪ್ರಶ್ನೆಯಿಲ್ಲ, ಮೂಲ ಕಣ್ಣೆದುರೇ ಇದೆ. ಇಲ್ಲಿ ಕೆಲಸದ ಸರದಿ ಮುಖ್ಯ.

ಶಟರ್ ಎತ್ತುವ ಮೊದಲು ಕರೆಂಟ್ ತೆಗೆಸಿ. ಒಳಗೆ ನೀರಿರುವಾಗ ಮೇನ್ ಸ್ವಿಚ್ ಮುಟ್ಟಲು ಹೋಗಬೇಡಿ, ಹೊರಗಿನಿಂದಲೇ ತೆಗೆಸಲು ವಿದ್ಯುತ್ ಕಂಪನಿ ಮೆಸ್ಕಾಂಗೆ ಹೇಳಿ. ನೀರಲ್ಲಿ ಮುಳುಗಿದ ಎಂಸಿಬಿ, ಪ್ಲಗ್ ಎಲ್ಲಾ ಬದಲಿಸಲೇಬೇಕು. ಹೇರ್ ಡ್ರೈಯರ್ ಹಿಡಿದು ಒಣಗಿಸಿ ಮತ್ತೆ ಹಾಕುವವರನ್ನು ನೋಡಿದ್ದೇನೆ, ಒಳಗಿನ ಕೆಸರು ಹಾಗೇ ಇರುತ್ತದೆ. ವೈರ್‌ಗಳನ್ನು ಎಲೆಕ್ಟ್ರಿಷಿಯನ್ ಮೆಗ್ಗರ್ (ವೈರ್‌ನ ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ನೋಡಿದ ಮೇಲೆಯೇ ಕರೆಂಟ್. ಇನ್ಶೂರೆನ್ಸ್ ಇದ್ದರೆ ಒಂದು ಸಾಮಾನನ್ನೂ ಕದಲಿಸುವ ಮೊದಲು ಫೋಟೊ ತೆಗೆದು, ಗೋಡೆಯ ನೀರಿನ ಗುರುತಿಗೆ ಟೇಪ್ ಅಳತೆ ಹಿಡಿದು ಇನ್ನೊಂದು ಫೋಟೊ ತೆಗೆಯಿರಿ.

ಗಮ್‌ಬೂಟು, ಕೈಗವಸು ಇಲ್ಲದೆ ಇಳಿಯಬೇಡಿ. ನಮ್ಮ ಜಿಲ್ಲೆಗಳಲ್ಲಿ ಇಲಿ ಜ್ವರ ಮಳೆಗಾಲದ ಮಾಮೂಲಿ ಕಾಯಿಲೆ, ಕಾಲಿನ ಚಿಕ್ಕ ಗಾಯದಿಂದಲೂ ಬರುತ್ತದೆ. ಕೆಸರನ್ನು ಹಸಿ ಇರುವಾಗಲೇ ಗೋರಿ ಹೊರಹಾಕಿ, ಒಣಗಿದರೆ ಕಲ್ಲಾಗುತ್ತದೆ. ಆಮೇಲೆ ಸೋಪಿನ ನೀರು, ಆಮೇಲೆ ಬ್ಲೀಚಿಂಗ್ ಪೌಡರ್. ಬ್ಲೀಚಿಂಗ್ ಜತೆ ಆಸಿಡ್, ಟಾಯ್ಲೆಟ್ ಕ್ಲೀನರ್ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ.

ಏನು ಉಳಿಸಬೇಕು, ಏನು ಎಸೆಯಬೇಕು ಎಂಬ ಜಗಳ ಪ್ರತಿ ಅಂಗಡಿಯಲ್ಲೂ ನಡೆಯುತ್ತದೆ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ, ಎಸೆಯಿರಿ. ಜಿಪ್ಸಂ ಬೋರ್ಡನ್ನು ನೀರಿನ ಗುರುತಿಗಿಂತ ಒಂದಡಿ ಮೇಲೆ ಕತ್ತರಿಸಿ ತೆಗೆಯಿರಿ. ಒಳ್ಳೆಯ ಮೆರೈನ್ ಪ್ಲೈ, ಗಟ್ಟಿ ಮರ ಉಳಿಯುತ್ತದೆ, ಆದರೆ ಹಿಂಬದಿಯ ಹಲಗೆ ಬಿಚ್ಚಿ ಗಾಳಿಯಾಡಲು ಬಿಡಬೇಕು. ವಿಟ್ರಿಫೈಡ್ ಟೈಲನ್ನು ನಾಣ್ಯದಲ್ಲಿ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅಡಿಯಲ್ಲಿ ನೀರು ಕೂತಿರಬಹುದು. ಇದೆಲ್ಲ ಎರಡು ದಿನದೊಳಗೆ ಆಗಬೇಕು. ನಮ್ಮ ಸೆಕೆಯಲ್ಲಿ ಬೂಸಲಿಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಡ.

ಒಣಗಿಸುವುದು: ಕಿಟಕಿ ಮುಚ್ಚಿ

"ಕಿಟಕಿ ಬಾಗಿಲು ತೆರೆದಿಡಿ, ಗಾಳಿ ಆಡಲಿ" ಅನ್ನುವುದು ಬಳ್ಳಾರಿಗೆ ಸರಿ. ಜುಲೈನ ಮಂಗಳೂರಿಗೆ ಅಲ್ಲ. 28 ಡಿಗ್ರಿ, ಶೇ. 90 ತೇವಾಂಶದ ಹೊರಗಿನ ಗಾಳಿಯ ಪ್ರತಿ ಘನ ಮೀಟರ್‌ನಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ಎಸಿ ಓಡಿಸಿ 25 ಡಿಗ್ರಿ, ಶೇ. 55ಕ್ಕೆ ತಂದ ಒಳಗಿನ ಗಾಳಿಯಲ್ಲಿ ಸುಮಾರು 13 ಗ್ರಾಂ. ಕಿಟಕಿ ತೆರೆದರೆ ನೀವು ನೀರನ್ನು ಒಳಗೆ ಕರೆದ ಹಾಗೆ. ನೆಲ ತೊಳೆದು ಮುಗಿಯುವವರೆಗೆ ತೆರೆದಿರಲಿ, ಆಮೇಲೆ ಮುಚ್ಚಿ. ಬಾಗಿಲ ಸಂದಿಗೂ ಪ್ಲಾಸ್ಟಿಕ್ ಹಾಕಿ. ಒಳಗೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಟ್ಟು, ಫ್ಯಾನ್‌ಗಳನ್ನು ಗೋಡೆಯ ಉದ್ದಕ್ಕೂ ಸವರುವ ಹಾಗೆ ತಿರುಗಿಸಿ. ಬರೀ ಹೀಟರ್ ಇಟ್ಟರೆ ಗೋಡೆಯ ನೀರು ಗಾಳಿಗೆ ಬಂದು, ಹೋಗಲು ದಾರಿಯಿಲ್ಲದೆ ಫಾಲ್ಸ್ ಸೀಲಿಂಗ್ ಮೇಲೆ ಕೂರುತ್ತದೆ.

ಸಾವಿರ ಚದರ ಅಡಿಯ, ಹತ್ತು ಅಡಿ ಎತ್ತರದ ಕಚೇರಿಯ ಗಾಳಿಯಲ್ಲಿ ಇರುವ ನೀರೆಲ್ಲ ಸೇರಿದರೂ ಏಳು ಲೀಟರ್ ಆಗದು. ಹಾಗಾಗಿ ಡಿಹ್ಯುಮಿಡಿಫೈಯರ್‌ನ ನೀರು ಬೀಳುವ ಬಕೆಟ್‌ನಲ್ಲಿ ದಿನಕ್ಕೆ ಇಪ್ಪತ್ತು ಲೀಟರ್ ಸಿಗುತ್ತಿದ್ದರೆ ಅದು ಗೋಡೆ, ನೆಲದಿಂದ ಬರುತ್ತಿದೆ, ಇಲ್ಲವೇ ಹೊರಗಿನ ಗಾಳಿ ಎಲ್ಲೋ ನುಗ್ಗುತ್ತಿದೆ. ದಿನಾ ಬೆಳಗ್ಗೆ ಬಕೆಟ್ ಅಳೆದು ಬರೆಯಿರಿ. ಇಪ್ಪತ್ತು, ಹದಿನೇಳು, ಹನ್ನೊಂದು ಹೀಗೆ ಇಳಿಯುತ್ತಿದ್ದರೆ ಕೆಲಸ ಆಗುತ್ತಿದೆ. ಹತ್ತು ದಿನವಾದರೂ ಇಪ್ಪತ್ತರಲ್ಲೇ ನಿಂತರೆ ಮೊದಲು ಶಟರ್ ಸಂದಿ, ಎಕ್ಸಾಸ್ಟ್ ಫ್ಯಾನ್ ತೂತು ನೋಡಿ. ಆಮೇಲೂ ಇಳಿಯದಿದ್ದರೆ ಮೂಲ ಇನ್ನೂ ತೆರೆದೇ ಇದೆ, ಪೆನ್ಸಿಲ್‌ಗೆ ವಾಪಸ್ ಹೋಗಿ.

ಬೂಸಲನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಇಡೀ ಕಟ್ಟಡಕ್ಕೆ ಹರಡುತ್ತದೆ. ಎನ್95 ಮಾಸ್ಕ್ ಹಾಕಿ, ಎಸಿ ಬಂದ್ ಮಾಡಿ, ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ. ಸಾರಣೆಯ ಒಳಗೆ ಹೋದ ಬೂಸಲು ಬ್ಲೀಚಿಂಗ್‌ಗೆ ಬೆಳ್ಳಗಾಗುತ್ತದೆ, ಸಾಯುವುದಿಲ್ಲ. ಅಷ್ಟು ಸಾರಣೆ ಕೆತ್ತಲೇಬೇಕು.

ಕಬ್ಬಿಣ ತುಕ್ಕು ಹಿಡಿದಿದ್ದರೆ

ಸ್ಲ್ಯಾಬ್ ಅಡಿಯಲ್ಲಿ, ಬೀಮ್‌ನ ಮೂಲೆಯಲ್ಲಿ ಗೆರೆ ಎಳೆದ ಹಾಗೆ ನೇರ ಬಿರುಕು, ಅದರಲ್ಲಿ ಕಂದು ಕಲೆ ಕಂಡರೆ ಪೇಂಟರ್‌ನನ್ನು ಮನೆಗೆ ಕಳಿಸಿ. ಕಬ್ಬಿಣ ತುಕ್ಕಾದಾಗ ಎರಡರಿಂದ ಆರು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸಮುದ್ರದ ಗಾಳಿಯ ಉಪ್ಪು, ತೊಳೆಯದ ಹೊಯಿಗೆ (ಮರಳು), ಕಬ್ಬಿಣದ ಮೇಲೆ ಕಾಂಕ್ರೀಟ್ ತೆಳುವಾಗಿದ್ದದ್ದು, ಮೂರೂ ಸೇರಿರುತ್ತವೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕರಾವಳಿಯಂಥ ತೀವ್ರ ವಾತಾವರಣದಲ್ಲಿ ಕಬ್ಬಿಣದ ಮೇಲೆ 45 ಮಿ.ಮೀ. ಕಾಂಕ್ರೀಟ್ ಇರಬೇಕು. ಹಳೆಯ ಕಟ್ಟಡ ಒಡೆದಾಗ ಅದರ ಅರ್ಧವೂ ಸಿಗದ್ದನ್ನು ನೋಡಿದ್ದೇನೆ.

ಕಾಂಕ್ರೀಟಿನ ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ (ಕ್ಷಾರ ತಾಗಿದರೆ ಗುಲಾಬಿಯಾಗುವ ದ್ರಾವಣ) ಸಿಂಪಡಿಸಿ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನ ಕ್ಷಾರ ಇನ್ನೂ ಇದೆ. ಬಣ್ಣ ಬಾರದ ಭಾಗ ಕಬ್ಬಿಣದವರೆಗೆ ತಲುಪಿದ್ದರೆ ಅದರ ರಕ್ಷಣೆ ಹೋಗಿದೆ. ಆದರೆ ಗುಲಾಬಿ ಬಂತೆಂದು ಖುಷಿಪಡಬೇಡಿ. ಉಪ್ಪಿನ ಹೊಡೆತ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಅದಕ್ಕೆ ಕಾಂಕ್ರೀಟ್ ಪುಡಿ ತೆಗೆದು ಲ್ಯಾಬ್‌ಗೆ ಕೊಡಬೇಕು. ಈ ಹಂತದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಬರಲಿ. ಮೇಸ್ತ್ರಿ "ಸಿಮೆಂಟ್ ಮೆತ್ತಿದ್ರೆ ಆಯ್ತು ಸಾರ್" ಅಂದರೆ ಒಪ್ಪಬೇಡಿ. ಕಬ್ಬಿಣದ ಹಿಂದಿನವರೆಗೂ ಬಿಡಿಸಿ, ತುಕ್ಕು ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆ ತುಂಬಬೇಕು. ಬೀಮ್‌ಗೆ ಕೈ ಹಾಕುವ ಮೊದಲು ಕೆಳಗೆ ಜಾಕ್ ಕೊಡಬೇಕು.

ಪೇಂಟ್ ಯಾವಾಗ

ತಾರಸಿ, ಹೊರಗೋಡೆ ಕೆಲಸ ಜನವರಿಯಲ್ಲಿ ಶುರುವಾಗಿ ಪತ್ತನಾಜೆಯೊಳಗೆ ಮುಗಿಯಬೇಕು. ಆ ದಿನ, ಮೇ ಕೊನೆಯಲ್ಲಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವಾಗ ನಾವೂ ತಾರಸಿಯಿಂದ ಇಳಿದಿರಬೇಕು. ಒಳಗಿನ ಪೇಂಟ್‌ಗೆ ಅವಸರ ಬೇಡ, ದೀಪಾವಳಿ ಕಳೆಯಲಿ. ಹಬ್ಬಕ್ಕೆ ಮೊದಲೇ ಬೇಕು ಎನ್ನುವ ಅಂಗಡಿಯವರಿಗೆ ಒದ್ದೆ ಗೋಡೆಯ ಮುಂದೆ ಒಂದು ರ‍್ಯಾಕ್ ಇಟ್ಟುಕೊಳ್ಳಿ ಅನ್ನುತ್ತೇನೆ, ಆದರೆ ನಾಲ್ಕು ಬೆರಳು ಜಾಗ ಬಿಟ್ಟು.

ರೋಲರ್ ಹಿಡಿಯುವ ಹಿಂದಿನ ರಾತ್ರಿ ಇನ್ನೊಂದು ಸಲ ಫಾಯಿಲ್ ಅಂಟಿಸಿ. ಒಂದೇ ಕಡೆ ಬೇಡ, ಹಳೆಯ ಕಲೆಯ ನಡುವೆ ಒಂದು, ಅಂಚಿನಲ್ಲಿ ಒಂದು, ಬುಡದಲ್ಲಿ ಒಂದು. ಬೆಳಗ್ಗೆ ಮೂರರ ಹಿಂಬದಿಯೂ ಒಣಗಿದ್ದರೆ ಪ್ರೈಮರ್ ಡಬ್ಬ ತೆರೆಯಿರಿ. ಒಂದರಲ್ಲಿ ಮಂಜು ಕಟ್ಟಿದ್ದರೂ ಪೇಂಟರ್‌ಗೆ ಚಹಾ ಕೊಟ್ಟು ಕಳಿಸಿ, ಹದಿನೈದು ದಿನ ಬಿಟ್ಟು ಬರಲು ಹೇಳಿ.